ಜಮೀನು ಬ್ರೋಕರ್ ಜೊತೆಗಿನ ಕರಾರನ್ನು ಅವಧಿಗೆ ಮೊದಲೇ ಮುಗಿಸುವುದು ಹೇಗೆ?

ಜಮೀನು ಮಾರಿಸಿಕೊಡ್ತೀನಿ ಅಂತ ಬಂದ ಬ್ರೋಕರ್‌ಗೆ ಸಹಿ ಹಾಕಿ ಕೊಟ್ಟಾಗಿದೆ. ಆರು ತಿಂಗಳಾದರೂ ಒಬ್ಬ ಪಾರ್ಟಿಯೂ ಬಂದಿಲ್ಲ. ಅಥವಾ ಒಬ್ಬರಿಗೆ ಒಂದು ರೇಟು, ಇನ್ನೊಬ್ಬರಿಗೆ ಇನ್ನೊಂದು ರೇಟು ಹೇಳುತ್ತಿದ್ದಾರೆ ಅನ್ನೋ ಸುದ್ದಿ ಕಿವಿಗೆ ಬಿದ್ದಿದೆ. ಅಥವಾ ಮನೆಯಲ್ಲೇ ಮನಸ್ಸು ಬದಲಾಗಿದೆ: ಬೋರ್‌ವೆಲ್‌ನಲ್ಲಿ ನೀರು ಬಂತು, ಸಾಲ ಒಂದಿಷ್ಟು ತೀರಿತು, ಮಾರೋದು ಬೇಡ ಅಂತ ಎಲ್ಲರೂ ಕೂತು ಮಾತಾಡಿಕೊಂಡಿದ್ದೀರಿ. ಆದರೆ ಕರಾರಿನಲ್ಲಿ ಇನ್ನೂ ಐದು ತಿಂಗಳು ಬಾಕಿ ಇದೆ. ಈಗ ಏನು ಮಾಡೋದು?

ಇಂಥ ಹೊತ್ತಿನಲ್ಲಿ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡ್ತಾರೆ. ಕೆಲವರು ಬ್ರೋಕರ್ ಫೋನ್ ಎತ್ತದೆ ಸುಮ್ಮನಾಗಿಬಿಡ್ತಾರೆ. ಇನ್ನು ಕೆಲವರು "ಕೋರ್ಟಿಗೆ ಹೋಗ್ತೀನಿ" ಅನ್ನೋ ಮಾತಿಗೆ ಹೆದರಿ ಕೇಳಿದಷ್ಟು ದುಡ್ಡು ಕೊಟ್ಟುಬಿಡ್ತಾರೆ. ಎರಡೂ ಬೇಕಾಗಿಲ್ಲ. ಬ್ರೋಕರ್‌ಗೆ ಕೊಟ್ಟ ಅಧಿಕಾರವನ್ನು ವಾಪಸ್ ಪಡೆಯುವ ಹಕ್ಕು ಕಾನೂನಿನಲ್ಲೇ ಇದೆ. ಆದರೆ ಅದನ್ನು ಹೇಗೆ ಪಡೆಯಬೇಕು, ಎಷ್ಟು ಖರ್ಚು ಬೀಳಬಹುದು ಅನ್ನೋದು ಒಂದೇ ವಿಷಯದ ಮೇಲೆ ನಿಂತಿದೆ: ನೀವು ಸಹಿ ಹಾಕಿದ ಕಾಗದ ನಿಜವಾಗಿ ಯಾವುದು? ಈ ವಾರ ಅದನ್ನೇ ಕಲಿಯೋಣ.

ಮೊದಲು ಕಾಗದ ತೆಗೆದು ಓದಿ

ಹಳ್ಳಿಯಲ್ಲಿ ಎಲ್ಲವನ್ನೂ "ಬ್ರೋಕರ್ ಅಗ್ರಿಮೆಂಟ್" ಅಂತಲೇ ಕರೀತಾರೆ. ಆದರೆ ಆ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಕಾಗದಗಳು ಇರಬಹುದು.

1. ಕಮಿಷನ್ ಕರಾರು. ಇಂಥ ಸರ್ವೆ ನಂಬರಿನ ಜಮೀನಿಗೆ ಪಾರ್ಟಿ ಹುಡುಕಿಕೊಡಬೇಕು, ಮಾರಾಟ ಆದರೆ ಶೇಕಡಾ ಇಷ್ಟು ಕಮಿಷನ್ ಅಂತ ಮಾತ್ರ ಬರೆದಿರುತ್ತದೆ. ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಅವರಿಗೆ ಇರುವುದಿಲ್ಲ.

2. ಅಧಿಕಾರ ಪತ್ರ, ಅಂದರೆ ಜಿಪಿಎ. ನಿಮ್ಮ ಪರವಾಗಿ ಕರಾರು ಮಾಡಲು, ಅಡ್ವಾನ್ಸ್ ಪಡೆಯಲು, ಸಬ್ ರಿಜಿಸ್ಟ್ರಾರ್ ಮುಂದೆ ಸಹಿ ಹಾಕಲು ಬ್ರೋಕರ್‌ಗೆ ಅಧಿಕಾರ ಕೊಟ್ಟಿರುತ್ತೀರಿ.

3. ಕ್ರಯದ ಕರಾರು. ಇದರಲ್ಲಿ ಬ್ರೋಕರ್ ಅಥವಾ ಅವರ ಕಡೆಯವರೇ "ಖರೀದಿದಾರರು" ಅಂತ ಇರುತ್ತಾರೆ. ಒಂದಿಷ್ಟು ಅಡ್ವಾನ್ಸ್ ಕೊಟ್ಟು, ಇಷ್ಟು ತಿಂಗಳೊಳಗೆ ಅವರಿಗೆ ಅಥವಾ ಅವರು ಹೇಳಿದವರಿಗೆ ಕ್ರಯ ಮಾಡಿಕೊಡಬೇಕು ಅಂತ ಬರೆದಿರುತ್ತದೆ.

ಅಪ್ಪ "ಬರೀ ಬ್ರೋಕರ್ ಕಾಗದ ಕಣೋ" ಅಂದರೂ ನೀವು ಒಮ್ಮೆ ಕೂತು ಓದಿ. ನೋಡಬೇಕಾದ ಪದಗಳು: "ಖರೀದಿದಾರರು", "ಮುಂಗಡ ಹಣ", "ಅಧಿಕಾರ ನೀಡಿರುತ್ತೇವೆ", "ಸ್ವಾಧೀನ ನೀಡಿರುತ್ತೇವೆ", "ರದ್ದುಪಡಿಸತಕ್ಕದ್ದಲ್ಲ". ನಿಮ್ಮ ಹತ್ತಿರ ಪ್ರತಿ ಇಲ್ಲದಿದ್ದರೆ ಮೊದಲ ಕೆಲಸ ಅದನ್ನು ಕೇಳಿ ಪಡೆಯುವುದು. ಕಾಗದ ನೋಂದಣಿ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ.

ಜೊತೆಗೆ ಮೊಬೈಲ್‌ನಲ್ಲೇ ಎರಡು ದಾಖಲೆ ತೆಗೆಯಿರಿ. ಕಾವೇರಿ 2.0 ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ. ಭೂಮಿ ಪೋರ್ಟಲ್‌ನಲ್ಲಿ ಪಹಣಿ. ನಿಮ್ಮ ಸರ್ವೆ ನಂಬರಿನ ಮೇಲೆ ನಿಮಗೆ ಗೊತ್ತಿಲ್ಲದ ಯಾವುದಾದರೂ ಕರಾರು ನೋಂದಣಿ ಆಗಿದೆಯಾ ಅಂತ ಇಸಿಯಲ್ಲಿ ಕಾಣುತ್ತದೆ. ಆದರೆ ನೆನಪಿರಲಿ, ನೋಂದಣಿ ಆಗದ ಕಾಗದ ಇಸಿಯಲ್ಲಿ ಬರುವುದಿಲ್ಲ. ಇಸಿ ಖಾಲಿ ಇದೆ ಅಂದಮಾತ್ರಕ್ಕೆ ಏನೂ ಆಗಿಲ್ಲ ಅಂತ ತಿಳಿಯಬೇಡಿ.

ಕಮಿಷನ್ ಕರಾರು: ಬಿಡಿಸಿಕೊಳ್ಳುವುದು ಸುಲಭ

ಬ್ರೋಕರ್ ಅಂದರೆ ಕಾನೂನಿನ ಕಣ್ಣಿನಲ್ಲಿ ನಿಮ್ಮ ಏಜೆಂಟ್. ನೀವು ಯಜಮಾನರು. 1872ರ ಭಾರತೀಯ ಕರಾರು ಅಧಿನಿಯಮದಲ್ಲಿ ಏಜೆಂಟ್ ಬಗ್ಗೆ ಒಂದು ಅಧ್ಯಾಯವೇ ಇದೆ. ಅದರಲ್ಲಿ ರೈತರಿಗೆ ಬೇಕಾದ ಕಲಮುಗಳು ಇವು.

ಕಲಂ 201ರ ಪ್ರಕಾರ ಯಜಮಾನ ಅಧಿಕಾರ ವಾಪಸ್ ಪಡೆದರೆ ಏಜೆನ್ಸಿ ಮುಗಿಯುತ್ತದೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೂ ಮುಗಿಯುತ್ತದೆ.

ಕಲಂ 203ರ ಪ್ರಕಾರ, ಏಜೆಂಟ್ ಆ ಅಧಿಕಾರ ಬಳಸಿ ನಿಮ್ಮನ್ನು ಯಾರಿಗಾದರೂ ಕಟ್ಟಿಹಾಕುವ ಮುಂಚೆ ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು. ಆದರೆ ಈಗಾಗಲೇ ನಿಮ್ಮ ಪರವಾಗಿ ಮಾಡಿ ಮುಗಿಸಿದ ಕೆಲಸಗಳ ಮಟ್ಟಿಗೆ ಹಿಂದೆ ಸರಿಯಲು ಆಗುವುದಿಲ್ಲ ಅನ್ನುತ್ತದೆ ಕಲಂ 204.

ಕಲಂ 205 ಅವಧಿಯ ಬಗ್ಗೆ. ಕರಾರಿನಲ್ಲಿ "ಒಂದು ವರ್ಷ" ಅಂತ ಬರೆದಿದ್ದು, ಸರಿಯಾದ ಕಾರಣ ಇಲ್ಲದೆ ಮಧ್ಯದಲ್ಲೇ ಬಿಟ್ಟರೆ ಏಜೆಂಟ್‌ಗೆ ಪರಿಹಾರ ಕೊಡಬೇಕಾಗಬಹುದು. ಕಲಂ 206ರ ಪ್ರಕಾರ ಮೊದಲೇ ತಕ್ಕ ಸಮಯ ಕೊಟ್ಟು ನೋಟಿಸ್ ಕೊಡಬೇಕು, ಇಲ್ಲದಿದ್ದರೆ ಅದರಿಂದಾದ ನಷ್ಟ ತುಂಬಬೇಕು.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದದ್ದು ಇಷ್ಟು. "ಅವಧಿ ಇನ್ನೂ ಇದೆ, ಆದ್ದರಿಂದ ನೀವು ಬಿಡುವಂತೆಯೇ ಇಲ್ಲ" ಅನ್ನೋದು ಸುಳ್ಳು. ಬಿಡಬಹುದು. ಪ್ರಶ್ನೆ ಪರಿಹಾರದ್ದು ಮಾತ್ರ. ಆ ಪರಿಹಾರವೂ ಕೇಳಿದಷ್ಟಲ್ಲ.

ದಂಡದ ಲೆಕ್ಕ: ಒಂದು ಉದಾಹರಣೆ

ಒಬ್ಬ ರೈತರಿಗೆ 2 ಎಕರೆ 10 ಗುಂಟೆ ಜಮೀನಿದೆ ಅಂದುಕೊಳ್ಳಿ. ಎಕರೆಗೆ ₹40 ಲಕ್ಷದಂತೆ ಒಟ್ಟು ₹90 ಲಕ್ಷ. ಕಮಿಷನ್ ಶೇ. 2 ಅಂದರೆ ₹1,80,000. ಕರಾರು 12 ತಿಂಗಳದ್ದು. ಏಳನೇ ತಿಂಗಳಲ್ಲಿ ರೈತರಿಗೆ ಮಾರಾಟ ಬೇಡವಾಗಿದೆ. ಕರಾರಿನಲ್ಲಿ "ಮಧ್ಯದಲ್ಲಿ ಬಿಟ್ಟರೆ ₹5 ಲಕ್ಷ ದಂಡ" ಅಂತ ಇದೆ.

ಈ ₹5 ಲಕ್ಷವನ್ನು ಹಾಗೇ ಕೊಡಬೇಕಾ? ಕಲಂ 74 ಇಲ್ಲಿ ಕೆಲಸಕ್ಕೆ ಬರುತ್ತದೆ. ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ ಅಷ್ಟೆ. ಮಾರಾಟ ಪೂರ್ತಿ ಆಗಿದ್ದರೂ ಬ್ರೋಕರ್‌ಗೆ ಬರುತ್ತಿದ್ದದ್ದು ₹1,80,000. ಕೆಲಸವೇ ಆಗದಿದ್ದಾಗ ₹5 ಲಕ್ಷ ಕೇಳುವುದನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಹಾಗಾದರೆ ಎಷ್ಟು ಕೊಡಬೇಕು? ಬ್ರೋಕರ್ ನಿಜವಾಗಿ ಖರ್ಚು ಮಾಡಿದ್ದು ಏನು ಅಂತ ಕೇಳಿ. ಸರ್ವೆ ಮಾಡಿಸಿದ್ದು, ಜಾಹೀರಾತು, ಬೋರ್ಡು, ಪಾರ್ಟಿಗಳನ್ನು ಕರೆತಂದ ಓಡಾಟ. ರಸೀದಿ ಕೇಳಿ. ಅವರು ನಿಜವಾಗಿ ಓಡಾಡಿದ್ದರೆ ಅದಕ್ಕೆ ತಕ್ಕ ಮೊತ್ತ ಕೊಟ್ಟು ಮುಗಿಸುವುದು ಮರ್ಯಾದೆಯ ದಾರಿ, ಕೋರ್ಟಿನ ಓಡಾಟಕ್ಕಿಂತ ಅಗ್ಗವೂ ಹೌದು.

ಸಾಮಾನ್ಯ ನಿಯಮ ಇನ್ನೊಂದಿದೆ. ಕಲಂ 219ರ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಒಪ್ಪಿಕೊಂಡ ಕೆಲಸ ಮುಗಿದ ಮೇಲೆಯೇ ಕಮಿಷನ್. ಕಲಂ 220ರ ಪ್ರಕಾರ ಏಜೆಂಟ್ ದುರ್ನಡತೆ ತೋರಿದ್ದರೆ ಆ ಭಾಗದ ಕೆಲಸಕ್ಕೆ ಕಮಿಷನ್ ಕೇಳುವ ಹಕ್ಕು ಇಲ್ಲ.

"ಸರಿಯಾದ ಕಾರಣ" ಅಂದರೆ ಏನು?

ಕಾರಣ ನಿಮ್ಮ ಕಡೆ ಗಟ್ಟಿಯಾಗಿದ್ದರೆ ಪರಿಹಾರದ ಪ್ರಶ್ನೆ ಹಗುರವಾಗುತ್ತದೆ. ಇವುಗಳಲ್ಲಿ ಯಾವುದಾದರೂ ನಡೆದಿದ್ದರೆ ದಾಖಲೆ ಇಟ್ಟುಕೊಳ್ಳಿ:

- ಬಂದ ಪಾರ್ಟಿಯ ಆಫರನ್ನು ನಿಮಗೆ ತಿಳಿಸದೆ ಮುಚ್ಚಿಟ್ಟದ್ದು.
- ನಿಮಗೆ ಒಂದು ರೇಟು, ಪಾರ್ಟಿಗೆ ಇನ್ನೊಂದು ರೇಟು ಹೇಳಿ ಮಧ್ಯದ ದುಡ್ಡು ಇಟ್ಟುಕೊಳ್ಳಲು ನೋಡಿದ್ದು.
- ಬೇನಾಮಿ ಹೆಸರಿನಲ್ಲಿ ತಾವೇ ಕೊಳ್ಳಲು ಹೊರಟದ್ದು. ಕಲಂ 215ರ ಪ್ರಕಾರ ಏಜೆಂಟ್ ನಿಮ್ಮ ಒಪ್ಪಿಗೆ ಇಲ್ಲದೆ ತನಗಾಗಿ ವ್ಯವಹಾರ ಮಾಡಿ ಮುಖ್ಯ ವಿಷಯ ಮುಚ್ಚಿಟ್ಟಿದ್ದರೆ, ಆ ವ್ಯವಹಾರವನ್ನೇ ನೀವು ತಳ್ಳಿಹಾಕಬಹುದು.
- ಪಾರ್ಟಿಯಿಂದ ಟೋಕನ್ ಹಣ ಪಡೆದು ಲೆಕ್ಕ ಕೊಡದೇ ಇದ್ದದ್ದು. ಲೆಕ್ಕ ಕೊಡುವುದು ಏಜೆಂಟ್‌ನ ಕರ್ತವ್ಯ, ಕಲಂ 213.

"ಎಕರೆಗೆ 40 ಲಕ್ಷ ನಿಮಗೆ, ಮೇಲೆ ಬಂದದ್ದು ನನಗೆ" ಅನ್ನೋ ಮಾತಿನ ಬಗ್ಗೆ ಎಚ್ಚರ. ಮೇಲಿನ ಲೆಕ್ಕದಲ್ಲೇ ನೋಡಿ: ಜಮೀನು ಎಕರೆಗೆ ₹50 ಲಕ್ಷಕ್ಕೆ ಹೋದರೆ ಬ್ರೋಕರ್‌ಗೆ ಸಿಗೋದು ₹1.8 ಲಕ್ಷ ಅಲ್ಲ, ₹22.5 ಲಕ್ಷ. ತಿಳಿದೂ ಒಪ್ಪಿ ಸಹಿ ಹಾಕಿದ್ದರೆ ಆಮೇಲೆ "ಮೋಸ" ಅನ್ನೋದು ಕಷ್ಟ.

ಜಿಪಿಎ: ತಡ ಮಾಡಬೇಡಿ

ಕಮಿಷನ್ ಕರಾರಿನಲ್ಲಿ ಹೋದರೆ ದುಡ್ಡು ಹೋಗುತ್ತದೆ. ಜಿಪಿಎಯಲ್ಲಿ ಜಮೀನೇ ವ್ಯಾಜ್ಯಕ್ಕೆ ಬೀಳಬಹುದು. ಆದ್ದರಿಂದ ಜಿಪಿಎ ಕೊಟ್ಟಿದ್ದರೆ ಕಮಿಷನ್ ಜಗಳ ಆಮೇಲೆ ಇಟ್ಟುಕೊಳ್ಳಿ, ಮೊದಲು ಅಧಿಕಾರ ನಿಲ್ಲಿಸಿ.

ಕಲಂ 208 ಇಲ್ಲಿ ಬಹಳ ಮುಖ್ಯ. ಅಧಿಕಾರ ರದ್ದಾದದ್ದು ಏಜೆಂಟ್‌ಗೆ ತಿಳಿದ ಮೇಲೆ ಮಾತ್ರ ಅವರ ಮಟ್ಟಿಗೆ ಜಾರಿಯಾಗುತ್ತದೆ. ಹೊರಗಿನ ಖರೀದಿದಾರರ ಮಟ್ಟಿಗೆ, ಅವರಿಗೆ ತಿಳಿದ ಮೇಲೆ ಜಾರಿಯಾಗುತ್ತದೆ. ಅಂದರೆ ನೀವು ಮನೆಯಲ್ಲಿ ಕೂತು ರದ್ದತಿ ಪತ್ರ ಬರೆದು ಬೀರುವಿನಲ್ಲಿ ಇಟ್ಟರೆ ಏನೂ ಉಪಯೋಗ ಇಲ್ಲ. ರದ್ದು ಮಾಡುವುದು ಅರ್ಧ ಕೆಲಸ, ತಿಳಿಸುವುದು ಇನ್ನರ್ಧ.

ಮಾಡಬೇಕಾದದ್ದು:

1. ಜಿಪಿಎ ನೋಂದಣಿ ಆಗಿದ್ದರೆ, ಅದೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರದ್ದತಿ ಪತ್ರವನ್ನೂ ನೋಂದಣಿ ಮಾಡಿಸಿ. ಹಳೆಯ ಪತ್ರದ ನಂಬರು, ದಿನಾಂಕ ಅದರಲ್ಲಿ ಇರಲಿ. ನೋಟರಿ ಮುಂದೆ ಮಾಡಿದ ಜಿಪಿಎ ಆಗಿದ್ದರೂ ರದ್ದತಿಯನ್ನು ನೋಂದಣಿ ಮಾಡಿಸುವ ಬಗ್ಗೆ ವಕೀಲರನ್ನು ಕೇಳಿ.
2. ಬ್ರೋಕರ್‌ಗೆ ಬರಹದಲ್ಲಿ ನೋಟಿಸ್ ಕಳಿಸಿ, ಮೂಲ ಜಿಪಿಎ ವಾಪಸ್ ಕೇಳಿ.
3. ಜಮೀನು ಇರುವ ವ್ಯಾಪ್ತಿಯ ಸಬ್ ರಿಜಿಸ್ಟ್ರಾರ್ ಕಚೇರಿಗೆ ರದ್ದತಿಯ ಪ್ರತಿ ಸೇರಿಸಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ.
4. ಬ್ರೋಕರ್ ತೋರಿಸಿದ ಪಾರ್ಟಿಗಳು ಗೊತ್ತಿದ್ದರೆ ಅವರಿಗೂ ತಿಳಿಸಿ.
5. ನಿಮ್ಮ ಜಿಲ್ಲೆಯಲ್ಲಿ ಓದುವ ಕನ್ನಡ ಪತ್ರಿಕೆಯಲ್ಲಿ ಒಂದು ಸಾರ್ವಜನಿಕ ಪ್ರಕಟಣೆ ಹಾಕಿಸಿ, ಆ ಪುಟ ಜೋಪಾನವಾಗಿ ಇಟ್ಟುಕೊಳ್ಳಿ.

"ಇದು ರದ್ದುಪಡಿಸಲಾಗದ ಜಿಪಿಎ" ಅಂತ ಬರೆದಿದ್ದರೆ? ಆ ಪದ ಒಂದರಿಂದಲೇ ಜಿಪಿಎ ರದ್ದಾಗದ್ದು ಆಗಿಬಿಡುವುದಿಲ್ಲ. ಕಲಂ 202ರ ಪ್ರಕಾರ ಆ ಆಸ್ತಿಯಲ್ಲೇ ಏಜೆಂಟ್‌ಗೆ ಸ್ವಂತ ಹಿತ ಇದ್ದರೆ ಮಾತ್ರ, ಆ ಹಿತಕ್ಕೆ ಧಕ್ಕೆ ಆಗುವಂತೆ ರದ್ದು ಮಾಡಲು ಆಗುವುದಿಲ್ಲ. ಕಮಿಷನ್ ಬರಬಹುದು ಅನ್ನೋ ಆಸೆ ಅಂಥ ಹಿತ ಅಲ್ಲ. ಆದರೆ ತಂಗಿ ಮದುವೆಗೆ ಅಂತ ಬ್ರೋಕರ್ ಹತ್ತಿರ ಸಾಲ ಪಡೆದು, "ಜಮೀನು ಮಾರಿ ಬಂದ ದುಡ್ಡಲ್ಲಿ ಸಾಲ ಹಿಡಿದುಕೊಳ್ಳಿ" ಅಂತ ಜಿಪಿಎ ಬರೆದುಕೊಟ್ಟಿದ್ದರೆ, ಅದು ಆ ಕಲಮಿನೊಳಗೆ ಬರುತ್ತದೆ. ಅಂಥ ಜಿಪಿಎ ಸಾವಿನಿಂದಲೂ ಮುಗಿಯುವುದಿಲ್ಲ. ಮೊದಲು ಸಾಲ ತೀರಿಸಿ, ರಸೀದಿ ಪಡೆದು, ಆಮೇಲೆ ರದ್ದತಿ ಪತ್ರಕ್ಕೆ ಇಬ್ಬರೂ ಸಹಿ ಹಾಕಬೇಕು.

ಇನ್ನೊಂದು ಧೈರ್ಯದ ಮಾತು. ಜಿಪಿಎ ಒಂದರಿಂದಲೇ ಜಮೀನಿನ ಮಾಲೀಕತ್ವ ಯಾರಿಗೂ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ ಜಿಪಿಎ ಹಿಡಿದವರು ಅದನ್ನು ಬಳಸಿ ಕ್ರಯಪತ್ರ ನೋಂದಣಿ ಮಾಡಿಸಿಬಿಟ್ಟರೆ ಅದನ್ನು ರದ್ದು ಮಾಡಿಸಲು ಸಿವಿಲ್ ದಾವೆಯೇ ಹೂಡಬೇಕಾಗುತ್ತದೆ. ಅದಕ್ಕೇ ಬೇಗ ಅಂತ ಹೇಳಿದ್ದು.

ಕ್ರಯದ ಕರಾರು: ಒಬ್ಬರೇ ಬಿಡಲು ಆಗುವುದಿಲ್ಲ

ಬ್ರೋಕರ್ ಹೆಸರಿಗೇ ಕ್ರಯದ ಕರಾರು ಆಗಿದ್ದರೆ ಅವರು ನಿಮ್ಮ ಏಜೆಂಟ್ ಅಲ್ಲ, ಖರೀದಿದಾರ. ಮೇಲೆ ಹೇಳಿದ ಏಜೆಂಟ್ ಕಲಮುಗಳು ಇಲ್ಲಿ ನೇರವಾಗಿ ನಡೆಯುವುದಿಲ್ಲ. "ಅಡ್ವಾನ್ಸ್ ವಾಪಸ್ ಹಾಕಿದ್ದೀನಿ, ಮುಗೀತು" ಅಂತ ಒಬ್ಬರೇ ತೀರ್ಮಾನ ಮಾಡಲು ಬರುವುದಿಲ್ಲ. ಕರಾರಿನಂತೆ ಕ್ರಯ ಮಾಡಿಕೊಡಿ ಅಂತ ಅವರು ಕೋರ್ಟಿಗೆ ಹೋಗಬಹುದು. 2018ರ ತಿದ್ದುಪಡಿ ಆದಮೇಲೆ ನಿರ್ದಿಷ್ಟ ಪರಿಹಾರ ಅಧಿನಿಯಮ ಈ ವಿಷಯದಲ್ಲಿ ಮೊದಲಿಗಿಂತ ಬಿಗಿಯಾಗಿದೆ. ಆದರೆ ತಾನು ಬಾಕಿ ಹಣ ಕೊಟ್ಟು ಕ್ರಯ ಮಾಡಿಸಿಕೊಳ್ಳಲು ಸಿದ್ಧನಿದ್ದೆ ಅಂತ ಖರೀದಿದಾರ ತೋರಿಸಬೇಕು. ದಾವೆಗೆ ಕಾಲಮಿತಿ ಸಾಮಾನ್ಯವಾಗಿ 3 ವರ್ಷ.

ಇಲ್ಲಿ ಸರಿಯಾದ ದಾರಿ ಅಂದರೆ ಇಬ್ಬರೂ ಒಪ್ಪಿ ರದ್ದತಿ ಕರಾರು ಮಾಡುವುದು. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ವಾಪಸ್ ಕೊಡಿ. ಮೂಲ ಕರಾರನ್ನು ವಾಪಸ್ ಪಡೆಯಿರಿ. ಕರಾರು ನೋಂದಣಿ ಆಗಿದ್ದರೆ ರದ್ದತಿಯೂ ನೋಂದಣಿ ಆಗಲಿ, ಇಲ್ಲದಿದ್ದರೆ ಇಸಿಯಲ್ಲಿ ಹಳೆಯ ಕರಾರು ಹಾಗೇ ಕೂತಿರುತ್ತದೆ. ಅವರು ಒಪ್ಪದಿದ್ದರೆ ಸ್ವಂತ ಬುದ್ಧಿ ಓಡಿಸಬೇಡಿ, ವಕೀಲರನ್ನು ನೋಡಿ. ಅಲ್ಲಿವರೆಗೂ ಜಮೀನನ್ನು ಇನ್ನೊಬ್ಬರಿಗೆ ಕರಾರು ಮಾಡಬೇಡಿ.

ಕಮಿಷನ್ ಕರಾರು ಮುಗಿಸಲು ಆರು ಹೆಜ್ಜೆ

1. ಕರಾರಿನಲ್ಲಿ ನೋಟಿಸ್ ಅವಧಿ, ದಂಡ, ಅವಧಿ ಮುಗಿದ ಮೇಲಿನ ಕಮಿಷನ್ ಬಗ್ಗೆ ಏನಿದೆ ಅಂತ ಗುರುತು ಹಾಕಿ.

2. ನೇರ ಮಾತಾಡಿ. ಊರಿನ ಒಬ್ಬರು ಹಿರಿಯರು ಜೊತೆಗಿರಲಿ. "ಅಣ್ಣಾ, ಮನೆಯಲ್ಲಿ ಮಾರೋದು ಬೇಡ ಅಂತ ಆಗಿದೆ. ನಿಮ್ಮ ಖರ್ಚು ಏನಿದೆ ಹೇಳಿ, ಮುಗಿಸಿಕೊಳ್ಳೋಣ" ಅಂತ ಶುರು ಮಾಡಿದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

3. ಮಾತಾಡಿದ ದಿನವೇ ವಾಟ್ಸಾಪ್‌ನಲ್ಲಿ ಬರೆದು ಹಾಕಿ: "ಇವತ್ತು ಮಾತಾಡಿದಂತೆ…" ಅಂತ. ಹಳೆಯ ಚಾಟ್ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮೊಬೈಲ್ ದಾಖಲೆಗಳು ಸಾಕ್ಷಿಯಾಗಿ ನಡೆಯುತ್ತವೆ, ಕೋರ್ಟಿಗೆ ಹಾಜರುಮಾಡುವಾಗ ಪ್ರಮಾಣಪತ್ರ ಬೇಕಾಗುತ್ತದೆ ಅಷ್ಟೆ. ಫೋನ್ ಬದಲಾಯಿಸುವುದಿದ್ದರೆ ಮೊದಲು ಬ್ಯಾಕಪ್ ಮಾಡಿ.

4. ಬರಹದ ನೋಟಿಸ್ ಅಂಚೆಯಲ್ಲಿ ಕಳಿಸಿ. ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ದಾಖಲೆ ಬರುವಂತೆ ಕೌಂಟರಿನಲ್ಲಿ ಕೇಳಿ. ರಸೀದಿ ಫೋಟೋ ತೆಗೆದಿಡಿ. ಕರಾರಿನಲ್ಲಿ ನೋಟಿಸ್ ಅವಧಿ ಬರೆದಿದ್ದರೆ ಅದೇ ಪ್ರಕಾರ. ಬರೆಯದಿದ್ದರೆ ಕಾನೂನಿನಲ್ಲಿ ಇಂತಿಷ್ಟೇ ದಿನ ಅಂತ ಇಲ್ಲ, 15 ಅಥವಾ 30 ದಿನ ಕೊಟ್ಟರೆ ಯಾರೂ ಅವಸರ ಅನ್ನಲಾರರು.

5. ಬ್ರೋಕರ್ ಇದುವರೆಗೆ ತೋರಿಸಿದ ಪಾರ್ಟಿಗಳ ಪಟ್ಟಿ ಕೇಳಿ. ಎಷ್ಟೋ ಕರಾರುಗಳಲ್ಲಿ "ಅವಧಿ ಮುಗಿದು ಆರು ತಿಂಗಳೊಳಗೆ ನಾವು ತೋರಿಸಿದವರಿಗೆ ಮಾರಿದರೆ ಕಮಿಷನ್ ಕೊಡಬೇಕು" ಅಂತ ಇರುತ್ತದೆ. ಪಟ್ಟಿ ಕೈಯಲ್ಲಿದ್ದರೆ ನಾಳೆ ಊರಿನ ಪ್ರತಿಯೊಬ್ಬರನ್ನೂ "ನಾನೇ ತೋರಿಸಿದ್ದು" ಅನ್ನಲು ಬರುವುದಿಲ್ಲ.

6. ಕೊನೆಗೆ ಇಬ್ಬರೂ ಸಹಿ ಹಾಕಿದ ಒಂದು ಪುಟದ ಮುಕ್ತಾಯ ಪತ್ರ ಮಾಡಿ: ಕರಾರು ಇಂಥ ದಿನಕ್ಕೆ ಮುಗಿದಿದೆ, ಇಷ್ಟು ಹಣ ಕೊಡಲಾಗಿದೆ, ಇನ್ನು ಒಬ್ಬರಿಂದ ಒಬ್ಬರಿಗೆ ಯಾವ ಬಾಕಿಯೂ ಇಲ್ಲ. ಆಮೇಲೆ ಆನ್‌ಲೈನ್‌ನಲ್ಲಿ ಹಾಕಿದ ಜಾಹೀರಾತು, ಜಮೀನಿನಲ್ಲಿ ನೆಟ್ಟ ಬೋರ್ಡು ತೆಗೆಸಿ.

ನೋಟಿಸ್ ಮಾದರಿ

ನಿಮ್ಮ ವಿವರ ತುಂಬಿಕೊಂಡು ಹೀಗೆ ಬರೆಯಬಹುದು:

"ಇವರಿಗೆ: (ಬ್ರೋಕರ್ ಹೆಸರು, ವಿಳಾಸ).
ವಿಷಯ: ದಿನಾಂಕ ……ರ ಕಮಿಷನ್ ಕರಾರು ರದ್ದತಿ ಬಗ್ಗೆ.
…… ತಾಲ್ಲೂಕು …… ಗ್ರಾಮದ ಸರ್ವೆ ನಂ. ……, … ಎಕರೆ … ಗುಂಟೆ ಜಮೀನಿನ ಮಾರಾಟಕ್ಕೆ ಪಾರ್ಟಿ ಹುಡುಕಿಕೊಡಲು ನಿಮ್ಮೊಂದಿಗೆ ಮೇಲ್ಕಂಡ ದಿನಾಂಕದಂದು ಕರಾರು ಮಾಡಿಕೊಂಡಿರುತ್ತೇವೆ. ಈ ಕೆಳಗಿನ ಕಾರಣದಿಂದ ಸದರಿ ಕರಾರನ್ನು ಈ ನೋಟಿಸ್ ತಲುಪಿದ … ದಿನಗಳ ನಂತರ ಮುಕ್ತಾಯಗೊಳಿಸುತ್ತಿದ್ದೇವೆ: ……
ಇಂದಿನಿಂದ ನಮ್ಮ ಪರವಾಗಿ ಯಾರಿಂದಲೂ ಹಣ ಪಡೆಯಬಾರದು, ಯಾವುದೇ ಹೊಸ ಮಾತುಕತೆ ನಡೆಸಬಾರದು. ಇದುವರೆಗೆ ಜಮೀನು ತೋರಿಸಿದವರ ಪಟ್ಟಿ, ಪಡೆದ ಹಣವಿದ್ದರೆ ಅದರ ಲೆಕ್ಕ, ರಸೀದಿ ಸಹಿತ ಖರ್ಚಿನ ವಿವರ ಹಾಗೂ ನಮ್ಮಿಂದ ಪಡೆದ ಎಲ್ಲಾ ದಾಖಲೆಗಳನ್ನು ಮೇಲಿನ ಅವಧಿಯೊಳಗೆ ಹಿಂದಿರುಗಿಸಬೇಕಾಗಿ ಕೋರುತ್ತೇವೆ.
ದಿನಾಂಕ, ಸ್ಥಳ, ಸಹಿ."

ಬೈಗುಳ ಬೇಡ, ಬೆದರಿಕೆ ಬೇಡ. ಕರಾರಿಗೆ ಸಹಿ ಹಾಕಿದ ಎಲ್ಲರೂ ನೋಟಿಸಿಗೂ ಸಹಿ ಹಾಕಬೇಕು. ಅಪ್ಪ ಹೆಬ್ಬೆಟ್ಟು ಒತ್ತಿದ್ದರೆ ಇಲ್ಲೂ ಹೆಬ್ಬೆಟ್ಟು, ಪಕ್ಕದಲ್ಲಿ ಓದಿ ಹೇಳಿದವರ ಸಹಿ.

ಬ್ರೋಕರ್ ಹೀಗೆ ಹೇಳಿದರೆ?

"ಮೂಲ ಪತ್ರ ಕೊಡಲ್ಲ." ಕಲಂ 221ರ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ, ತನಗೆ ನಿಜವಾಗಿ ಬರಬೇಕಾದ ಬಾಕಿ ತೀರುವ ತನಕ ಏಜೆಂಟ್ ಕಾಗದ ಹಿಡಿದಿಟ್ಟುಕೊಳ್ಳಬಹುದು. ಬಾಕಿಯೇ ಇಲ್ಲದಿದ್ದರೆ ಆ ಹಕ್ಕೂ ಇಲ್ಲ. ಅದಕ್ಕೇ ಬ್ರೋಕರ್ ಕೈಗೆ ಯಾವತ್ತೂ ಮೂಲ ಪತ್ರ ಕೊಡಬಾರದು, ಜೆರಾಕ್ಸ್ ಸಾಕು.

"ಸ್ಟೇ ತರ್ತೀನಿ." ನಿಮಗೆ ಗೊತ್ತಿಲ್ಲದೆ ತಡೆಯಾಜ್ಞೆ ಬರಬಾರದು ಅಂದರೆ ವಕೀಲರ ಮೂಲಕ ಸಿವಿಲ್ ಕೋರ್ಟಿನಲ್ಲಿ ಕೇವಿಯಟ್ ಹಾಕಿಸಿ. ಅದು 90 ದಿನ ಜಾರಿಯಲ್ಲಿರುತ್ತದೆ.

"ರೇರಾದಲ್ಲಿ ಕೇಸ್ ಹಾಕ್ತೀನಿ." ರೇರಾ ಕಾನೂನು ಲೇಔಟ್, ಅಪಾರ್ಟ್‌ಮೆಂಟ್‌ನಂಥ ಪ್ರಾಜೆಕ್ಟ್‌ಗಳಿಗೆ ಸಂಬಂಧಿಸಿದ್ದು. ಬರೀ ಕೃಷಿ ಜಮೀನನ್ನು ಮಾರುವ ಕಮಿಷನ್ ಜಗಳ ಅಲ್ಲಿಯದಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಮೀನು ಸರ್ಕಾರದಿಂದ ಪರಿಶಿಷ್ಟರಿಗೆ ಮಂಜೂರಾದದ್ದಾದರೆ ಇದನ್ನು ಮರೆಯದೆ ಹೇಳಿ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಮಾರುವಂತೆಯೇ ಇಲ್ಲ.

ಒಂದು ನ್ಯಾಯದ ಮಾತು

ಬ್ರೋಕರ್ ಪಾರ್ಟಿ ಕರೆತಂದು, ರೇಟು ಕುದುರಿಸಿದ ಮೇಲೆ ಕಮಿಷನ್ ಉಳಿಸಲು ಕರಾರು ರದ್ದು ಮಾಡಿ, ಹಿಂದಿನಿಂದ ಅದೇ ಪಾರ್ಟಿಗೆ ಮಾರುವುದು ಸರಿಯಲ್ಲ. ಅದು ಕೋರ್ಟಿನಲ್ಲೂ ನಿಲ್ಲುವುದು ಕಷ್ಟ. ಅವರ ಓಡಾಟದಿಂದಲೇ ಮಾರಾಟ ಕುದುರಿದ್ದರೆ ಕಮಿಷನ್ ಅವರದ್ದೇ. ಕರಾರಿನಿಂದ ಹೊರಬರುವುದು ಜಮೀನು ಉಳಿಸಿಕೊಳ್ಳಲು ಇರಲಿ, ದುಡಿದವರ ಕೂಲಿ ತಪ್ಪಿಸಲು ಬೇಡ.

ಮುಂದಿನ ಸಲ ಸಹಿ ಹಾಕುವ ಮುಂಚೆ

- ಅವಧಿ 3 ತಿಂಗಳಿಗಿಂತ ಹೆಚ್ಚು ಬೇಡ. ಕೆಲಸ ಚೆನ್ನಾಗಿದ್ದರೆ ಮತ್ತೆ ಮುಂದುವರಿಸಬಹುದು.
- "15 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಬಿಡಬಹುದು" ಅಂತ ಒಂದು ಸಾಲು ಬರೆಸಿ. ಈ ಲೇಖನದ ಅರ್ಧ ತಲೆನೋವು ಆ ಒಂದು ಸಾಲಿನಿಂದ ತಪ್ಪುತ್ತದೆ.
- ಕಮಿಷನ್ ಶೇಕಡಾ ಲೆಕ್ಕದಲ್ಲೇ ಇರಲಿ, ಕ್ರಯಪತ್ರ ನೋಂದಣಿ ಆದ ದಿನ ಕೊಡುವುದು ಅಂತ ಇರಲಿ.
- ಪಾರ್ಟಿ ಹುಡುಕಲು ಜಿಪಿಎ ಬೇಕಾಗಿಲ್ಲ. ಕೇಳಿದರೂ ಕೊಡಬೇಡಿ.
- ಖಾಲಿ ಸ್ಟಾಂಪ್ ಪೇಪರಿಗೆ, ಖಾಲಿ ಚೆಕ್ಕಿಗೆ ಸಹಿ ಬೇಡವೇ ಬೇಡ.
- ಪಿತ್ರಾರ್ಜಿತ ಜಮೀನಾದರೆ ಅಕ್ಕ ತಂಗಿಯರಿಗೂ ಪಾಲಿದೆ. ಎಲ್ಲರೂ ಒಪ್ಪಿದ ಮೇಲೆಯೇ ಬ್ರೋಕರ್ ಹತ್ತಿರ ಮಾತು.

ಈ ವಾರದ ಕೆಲಸ

ಮನೆಯ ಟ್ರಂಕ್ ತೆಗೆದು, ಜಮೀನಿನ ಮೇಲೆ ಇದುವರೆಗೆ ಯಾರ್ಯಾರಿಗೆ ಏನೇನು ಸಹಿ ಹಾಕಿ ಕೊಟ್ಟಿದ್ದೀರಿ ಅಂತ ಅಪ್ಪ ಅಮ್ಮನ ಜೊತೆ ಕೂತು ಪಟ್ಟಿ ಮಾಡಿ. ಪ್ರತಿ ಕಾಗದದ ಮುಂದೆ ಕಮಿಷನ್ ಕರಾರಾ, ಜಿಪಿಎನಾ, ಕ್ರಯದ ಕರಾರಾ ಅಂತ ಬರೆಯಿರಿ. ಎಲ್ಲದರ ಫೋಟೋ ತೆಗೆದು ಮೊಬೈಲ್‌ನಲ್ಲಿ ಒಂದೇ ಫೋಲ್ಡರಿಗೆ ಹಾಕಿ, ಇಸಿ ತೆಗೆದು ಅದರ ಜೊತೆಗಿಡಿ. ಪಟ್ಟಿಯಲ್ಲಿ ಜಿಪಿಎ ಸಿಕ್ಕಿದರೆ ನಾಳೆಗೆ ಹಾಕಬೇಡಿ, ವಕೀಲರ ಹತ್ತಿರ ಅದನ್ನೇ ಮೊದಲು ತೆಗೆದುಕೊಂಡು ಹೋಗಿ.